ಸುಸ್ಥಿರ ವಸ್ತುಗಳ ಮೆಕ್ಯಾನಿಕ್ಸ್‌ನಲ್ಲಿ ಪಿಎಚ್.ಡಿ.: ಪ್ರಾಧ್ಯಾಪಕಿಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ವಸ್ತುಗಳ ಮೆಕ್ಯಾನಿಕ್ಸ್ (ಭಾರ ಬಿದ್ದಾಗ ವಸ್ತುಗಳು ಹೇಗೆ ವರ್ತಿಸುತ್ತವೆ ಎಂಬ ಶಾಸ್ತ್ರ) ಕಲಿಸುವ, ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವ ಪ್ರಾಧ್ಯಾಪಕಿಯೊಬ್ಬರು ಇಲ್ಲಿ ಉತ್ತರಿಸುತ್ತಾರೆ. ಸಸ್ಯನಾರಿನ ಕಾಂಪೋಸಿಟ್ (ನಾರು ಮತ್ತು ಅಂಟು ಸೇರಿಸಿ ಮಾಡಿದ ವಸ್ತು), ಕಡಿಮೆ ಕ್ಲಿಂಕರಿನ (ಸುಣ್ಣದ ಕಲ್ಲು ಸುಟ್ಟು ಮಾಡುವ ಮೂಲವಸ್ತುವಿನ) ಸಿಮೆಂಟ್, ಮರುಬಳಕೆಯ ಲೋಹ, ಜೈವಿಕ ಪ್ಲಾಸ್ಟಿಕ್ ಮುಂತಾದ ವಿಷಯಗಳಲ್ಲಿ ಸಂಶೋಧನೆ ಮಾಡಬಯಸುವವರು ಕೇಳಬಹುದು. ಒಬ್ಬರಿಗೆ ಒಂದೇ ಪ್ರಶ್ನೆ. ಕೇಳುವ ಮುನ್ನ ಮೇಲಿನ ಉತ್ತರಗಳನ್ನು ಓದಿಕೊಳ್ಳಿ.

ಮೆಕ್ಯಾನಿಕಲ್ ಪದವೀಧರ: ನಮಸ್ಕಾರ ಮೇಡಂ. ಈ ಕ್ಷೇತ್ರದಲ್ಲಿ ಅವಕಾಶಗಳು ಹೇಗಿವೆ? ಎಲ್ಲಿಂದ ಹುಡುಕಲು ಆರಂಭಿಸಬೇಕು?

ಪ್ರಾಧ್ಯಾಪಕಿ: ನಮಸ್ಕಾರ. ಅವಕಾಶಗಳು ಚೆನ್ನಾಗಿಯೇ ಇವೆ. ಆದರೆ ‘ಸುಸ್ಥಿರ’ ಎಂಬ ಪದವನ್ನಷ್ಟೇ ಹಿಡಿದು ಹುಡುಕಿದರೆ ಬಹಳಷ್ಟು ಸ್ಥಾನಗಳು ಕಣ್ಣಿಗೇ ಬೀಳುವುದಿಲ್ಲ. ಬಿರುಕು, ಫೆಟೀಗ್ (ಮತ್ತೆ ಮತ್ತೆ ಭಾರ ಬಿದ್ದು ವಸ್ತು ದಣಿಯುವುದು), ಕ್ರೀಪ್ (ಸದಾ ಭಾರ ಹೊತ್ತು ನಿಧಾನವಾಗಿ ಆಕಾರ ಬದಲಾಗುವುದು), ತೇವಾಂಶ, ಬಾಳಿಕೆ ಎಂಬ ಪದಗಳನ್ನು ವಸ್ತುವಿನ ಹೆಸರಿನೊಂದಿಗೆ ಸೇರಿಸಿ ಹುಡುಕಿ. ಹಸಿರು ವಸ್ತುವನ್ನು ತಯಾರಿಸಬಲ್ಲವರು ಈಗ ಅನೇಕರಿದ್ದಾರೆ. ಅದು ಇಪ್ಪತ್ತು ವರ್ಷ ಭಾರ ಹೊತ್ತು ನಿಲ್ಲುತ್ತದೆಯೇ ಎಂದು ಹೇಳಬಲ್ಲವರು ಕಡಿಮೆ. ಒಳ್ಳೆಯ ಪಿಎಚ್.ಡಿ. ವಿಷಯಗಳು ಇರುವುದು ಅಲ್ಲಿಯೇ. ಯುರೋಪಿನ ಸ್ಥಾನಗಳಿಗೆ ಯುರಾಕ್ಸೆಸ್ ಜಾಲತಾಣ ನೋಡಿ. ಉಳಿದಂತೆ ಆಯಾ ಸಂಶೋಧನಾ ಗುಂಪಿನ ಸ್ವಂತ ಪುಟವನ್ನೇ ನೋಡುವುದು ಒಳ್ಳೆಯದು.

ಹೊಸ ಸದಸ್ಯ: ಮೇಡಂ, ಪದವಿಯಲ್ಲಿ ನನಗೆ ಶೇಕಡಾ 64 ಬಂದಿದೆ. ಸ್ಥಾನ ಸಿಗುತ್ತದೆಯೇ?

ಪ್ರಾಧ್ಯಾಪಕಿ: ಕನಿಷ್ಠ ಅರ್ಹತೆ ಎಷ್ಟೆಂದು ಪ್ರತಿ ಪ್ರಕಟಣೆಯಲ್ಲೂ ಬರೆದಿರುತ್ತದೆ. ಅದನ್ನು ದಾಟಿದ್ದರೆ ಅರ್ಜಿ ಹಾಕಿ. ಅಲ್ಲಿಂದ ಮುಂದೆ ನಿಮ್ಮ ಪ್ರಬಂಧದ ಕೆಲಸಕ್ಕೆ ಅಂಕಕ್ಕಿಂತ ಹೆಚ್ಚು ಬೆಲೆ.

ಎಂ.ಟೆಕ್. ವಿದ್ಯಾರ್ಥಿನಿ: ಮೇಡಂ, ನನ್ನ ಪ್ರಬಂಧ ಅಗಸೆ ನಾರು ಮತ್ತು ಎಪಾಕ್ಸಿ ಅಂಟಿನ ಕಾಂಪೋಸಿಟ್ ಮೇಲೆ. ನಾರುಗಳೆಲ್ಲ ಒಂದೇ ದಿಕ್ಕಿನಲ್ಲಿವೆ. ಎಳೆತದ ಫೆಟೀಗ್ ಪರೀಕ್ಷೆ ನಡೆಸಿದಾಗ ಆವರ್ತಗಳು ಹೆಚ್ಚಿದಂತೆ ಬಿಗಿತ ಕಡಿಮೆಯಾಗಬೇಕಿತ್ತು, ಆದರೆ ಸ್ವಲ್ಪ ಏರಿತು. ಮೂರು ಮಾದರಿಗಳಲ್ಲೂ ಹಾಗೆಯೇ ಆಯಿತು. ಯಂತ್ರದ ದೋಷವಿರಬೇಕು, ಆ ಭಾಗವನ್ನು ಪ್ರಬಂಧದಿಂದ ಕೈಬಿಡು ಎಂದು ಮಾರ್ಗದರ್ಶಕರು ಹೇಳುತ್ತಿದ್ದಾರೆ. ಪಿಎಚ್.ಡಿ. ಅರ್ಜಿಯಲ್ಲಿ ಇದನ್ನು ಹೇಳಿಕೊಳ್ಳಬಹುದೇ?

ಪ್ರಾಧ್ಯಾಪಕಿ: ದಯವಿಟ್ಟು ಕೈಬಿಡಬೇಡಿ. ಕಚ್ಚಾ ದತ್ತಾಂಶವನ್ನು ಇಂದೇ ಇನ್ನೊಂದು ಕಡೆ ನಕಲು ಮಾಡಿಡಿ.

ಗಾಜಿನ ನಾರಿನಲ್ಲಿ ಹೀಗಾದರೆ ನಾನೂ ಯಂತ್ರವನ್ನೇ ಅನುಮಾನಿಸುತ್ತಿದ್ದೆ. ಅಗಸೆಯ ಸ್ವಭಾವ ಬೇರೆ. ಅದರ ಜೀವಕೋಶದ ಭಿತ್ತಿಯಲ್ಲಿ ಸೆಲ್ಯುಲೋಸಿನ ಸೂಕ್ಷ್ಮ ಎಳೆಗಳು ನಾರಿನ ಅಕ್ಷಕ್ಕೆ ಸುಮಾರು 10 ಡಿಗ್ರಿ ಓರೆಯಾಗಿ ಸುತ್ತಿಕೊಂಡಿರುತ್ತವೆ. ಎಳೆದು ಬಿಟ್ಟು, ಮತ್ತೆ ಎಳೆದು ಬಿಟ್ಟಂತೆ ಅವು ಅಕ್ಷದ ಕಡೆಗೆ ವಾಲುತ್ತವೆ, ನಾರು ಬಿಗಿಯಾಗುತ್ತದೆ ಎಂಬುದು ಈ ಏರಿಕೆಗೆ ಸಾಮಾನ್ಯವಾಗಿ ಕೊಡುವ ವಿವರಣೆ. ಒಂಟಿ ಅಗಸೆ ನಾರಿನಲ್ಲಿ ಇಂಥ ಏರಿಕೆಯನ್ನು ಹಿಂದೆಯೇ ಅಳೆದಿದ್ದಾರೆ. ಆದ್ದರಿಂದ ನೀವು ಕಂಡದ್ದು ಅಸಾಧ್ಯವೇನಲ್ಲ.

ಹಾಗೆಂದು ಕೂಡಲೇ ನಂಬಿಬಿಡಬೇಡಿ. ಇದೇ ಫಲಿತಾಂಶ ಕೊಡಬಲ್ಲ ಇನ್ನೂ ಎರಡು ಕಾರಣಗಳಿವೆ. ಒಂದು, ಒಣಗುವಿಕೆ. ಸಸ್ಯನಾರು ಗಾಳಿಯಿಂದ ತೇವ ಹೀರಿಕೊಂಡು ಮೆದುವಾಗಿರುತ್ತದೆ. ಫೆಟೀಗ್‌ನಲ್ಲಿ ಮಾದರಿ ತಾನೇ ಬಿಸಿಯಾಗುತ್ತದೆ, ಆ ಬಿಸಿಗೆ ನೀರು ಹೊರಟುಹೋಗುತ್ತದೆ, ಬಿಗಿತ ಏರುತ್ತದೆ. ಇನ್ನೊಂದು, ಮಾದರಿ ಎಷ್ಟು ಹಿಗ್ಗಿತೆಂದು ಅಳೆಯುವ ಎಕ್ಸ್‌ಟೆನ್ಸೊಮೀಟರಿನ ಅಲಗು ಜಾರುವುದು. ಅಲಗು ಕೂತ ಜಾಗದಲ್ಲಿ ಮಾದರಿಯ ಮೇಲೆ ಗೀರು ಅಗಲವಾಗಿ, ಹೊಳಪಾಗಿ ಕಂಡರೆ ಅದು ಜಾರಿದೆ ಎಂದೇ ತಿಳಿಯಿರಿ.

ಈಗ ಮಾಡಬೇಕಾದದ್ದು ಇಷ್ಟು. ಪ್ರತಿ ಮಾದರಿಯನ್ನು ಪರೀಕ್ಷೆಗೆ ಮೊದಲೂ, ಗ್ರಿಪ್‌ನಿಂದ ತೆಗೆದ ಕೂಡಲೂ ತೂಗಿ. ಮಾದರಿಯ ನಡುವೆ ಬಿಸಿ ಅಳೆಯಲು ಒಂದು ಥರ್ಮೋಕಪಲ್ ಅಂಟಿಸಿ. ಅದೇ ಅಳತೆಯ ಗಾಜಿನ ನಾರಿನ ಮಾದರಿಯನ್ನು ಅದೇ ಯಂತ್ರದಲ್ಲಿ, ಅದೇ ಆವರ್ತನದಲ್ಲಿ ಓಡಿಸಿ. ಅಲ್ಲಿಯೂ ಬಿಗಿತ ಏರಿದರೆ ನಿಮ್ಮ ಮಾರ್ಗದರ್ಶಕರ ಮಾತೇ ಸರಿ. 5 ಹರ್ಟ್ಸ್‌ನಲ್ಲಿ ಮಾಡಿದ್ದರೆ 1 ಹರ್ಟ್ಸ್‌ನಲ್ಲಿಯೂ ಮಾಡಿ ನೋಡಿ. ಕೊನೆಗೆ, ಓಡಿದ ಮಾದರಿಯನ್ನು ಮೊದಲಿನ ತೇವಾಂಶದಲ್ಲಿ ತೂಕ ಸ್ಥಿರವಾಗುವವರೆಗೆ ಇಟ್ಟು ಮತ್ತೆ ಅಳೆಯಿರಿ. ಬಿಗಿತ ಪೂರ್ತಿ ಇಳಿದರೆ ಅದು ನೀರಿನ ಆಟ. ಒಂದು ಪಾಲಾದರೂ ಉಳಿದರೆ ನಾರಿನ ಒಳಗೆ ಏನೋ ಬದಲಾಗಿದೆ.

ಎಷ್ಟು ಪಾಲು ನೀರಿನದು, ಎಷ್ಟು ಪಾಲು ನಾರಿನದು ಎಂದು ಬೇರ್ಪಡಿಸುವುದೇ ಒಂದು ಪಿಎಚ್.ಡಿ.ಗೆ ಸಾಲುವ ಪ್ರಶ್ನೆ. ಅರ್ಜಿಯಲ್ಲಿ ‘ಪರಿಸರಸ್ನೇಹಿ ಕಾಂಪೋಸಿಟ್‌ಗಳಲ್ಲಿ ಆಸಕ್ತಿಯಿದೆ’ ಎಂದು ಬರೆಯುವ ಬದಲು ಈ ಒಂದು ಗ್ರಾಫ್ ಹಾಕಿ, ನಿಮ್ಮ ಸಂದೇಹಗಳನ್ನು ಕ್ರಮವಾಗಿ ಬರೆಯಿರಿ. ನನಗೆ ಅಂಥ ಅರ್ಜಿ ಬಂದರೆ ಅದೇ ದಿನ ಉತ್ತರಿಸುತ್ತೇನೆ. ಮಾರ್ಗದರ್ಶಕರೊಂದಿಗೆ ವಾದಕ್ಕೆ ಇಳಿಯಬೇಡಿ, ಗಾಜಿನ ಮಾದರಿಯ ಫಲಿತಾಂಶ ತೋರಿಸಿ.

ಎಂ.ಟೆಕ್. ವಿದ್ಯಾರ್ಥಿನಿ: ತುಂಬಾ ಧನ್ಯವಾದ ಮೇಡಂ. ಪರೀಕ್ಷೆ 5 ಹರ್ಟ್ಸ್‌ನಲ್ಲೇ ಮಾಡಿದ್ದು. ಮಾದರಿಗಳನ್ನು ತೂಗಿರಲಿಲ್ಲ. ಸೋಮವಾರ ಪ್ರಯೋಗಾಲಯ ಸಿಗುತ್ತದೆ.

ಸಂಜೆ ಕಾಲೇಜು: ಎಲ್ಲರಿಗೂ ಉಪಯೋಗವಾಗಲೆಂದು ಫಾರ್ವರ್ಡ್ ಮಾಡುತ್ತಿದ್ದೇನೆ: ‘ಪೂರ್ಣ ಶಿಷ್ಯವೇತನದ 100 ಪಿಎಚ್.ಡಿ. ಸ್ಥಾನಗಳು! ಭಾಷಾ ಪರೀಕ್ಷೆ ಬೇಡ, ಸಂದರ್ಶನ ಬೇಡ. ಕೆಳಗಿನ ಪತ್ರವನ್ನು 200 ಪ್ರಾಧ್ಯಾಪಕರಿಗೆ ಕಳುಹಿಸಿ, ಖಚಿತ ಫಲಿತಾಂಶ ಪಡೆಯಿರಿ.’

ಪ್ರಾಧ್ಯಾಪಕಿ: ಆ ಪತ್ರ ನನಗೂ ಬರುತ್ತಲೇ ಇರುತ್ತದೆ. ‘ತಮ್ಮ ಅಮೂಲ್ಯ ಸಂಶೋಧನೆಯಿಂದ ಆಳವಾಗಿ ಪ್ರಭಾವಿತನಾಗಿ’ ಎಂದು ಶುರುವಾಗುತ್ತದೆ. ಎರಡನೆಯ ಸಾಲಿನಲ್ಲಿ ಬೇರೆ ಯಾರದೋ ವಿಷಯ, ಕೆಲವೊಮ್ಮೆ ಬೇರೆ ಪ್ರಾಧ್ಯಾಪಕರ ಹೆಸರೇ ಉಳಿದುಕೊಂಡಿರುತ್ತದೆ. ಓದದೆ ಅಳಿಸುತ್ತೇನೆ. ಸಂದರ್ಶನವಿಲ್ಲದೆ ಸಿಗುವ ಸ್ಥಾನವನ್ನು ಯಾರೂ ನಂಬಬಾರದು. ಕೆಲವು ವರ್ಷ ಜೊತೆಗೆ ದುಡಿಯಬೇಕಾದವರನ್ನು ಮಾತನಾಡಿಸದೆ ಯಾರು ತೆಗೆದುಕೊಳ್ಳುತ್ತಾರೆ? 200 ಜನರಿಗೆ ಬರೆಯುವ ಸಮಯದಲ್ಲಿ ಐದು ಜನರ ಲೇಖನ ಓದಿ. ಅವರ ಯಾವ ಚಿತ್ರ ನಿಮಗೆ ಅರ್ಥವಾಗಲಿಲ್ಲ, ಏಕೆ ಆಗಲಿಲ್ಲ ಎಂದು ಬರೆಯಿರಿ. ಇಂಥ ಸಂದೇಶಗಳನ್ನು ಇಲ್ಲಿ ಹಾಕಬೇಡಿ.

ಸಂಜೆ ಕಾಲೇಜು: ಒಳ್ಳೆಯ ಉದ್ದೇಶದಿಂದ ಹಾಕಿದ್ದೆ ಮೇಡಂ.

ರೋಲಿಂಗ್ ಮಿಲ್ ಇಂಜಿನಿಯರ್: ಗುಜರಿ ಕರಗಿಸಿ ಮಾಡಿದ ಉಕ್ಕನ್ನು ಬಿಸಿಯಲ್ಲಿ ರೋಲ್ ಮಾಡುವ ಕಡೆ ಕೆಲಸ ಮಾಡುತ್ತೇನೆ. ಮೇಲ್ಮೈ ಬಿರುಕು ನಮಗೆ ನಿತ್ಯದ ತಲೆನೋವು. ಉದ್ಯಮದಲ್ಲೇ ಇಷ್ಟು ವರ್ಷ ಕಳೆದವರನ್ನು ಪಿಎಚ್.ಡಿ.ಗೆ ತೆಗೆದುಕೊಳ್ಳುತ್ತಾರೆಯೇ?

ಪ್ರಾಧ್ಯಾಪಕಿ: ಖಂಡಿತ. ನಿಮ್ಮ ತಲೆನೋವೇ ನಿಮ್ಮ ವಿಷಯ. ಗುಜರಿಯ ಜೊತೆ ಮೋಟಾರಿನ ತಂತಿ ಒಳಗೆ ಬಂದರೆ ತಾಮ್ರ ಉಕ್ಕಿನಲ್ಲಿ ಉಳಿದುಬಿಡುತ್ತದೆ. ರೂಢಿಯ ಶುದ್ಧೀಕರಣದಲ್ಲಿ ಅದು ಹೊರಗೆ ಹೋಗುವುದಿಲ್ಲ. ಕುಲುಮೆಯಲ್ಲಿ ಮೇಲ್ಮೈಯ ಕಬ್ಬಿಣ ಆಕ್ಸೈಡ್ ಆಗಿ ಪೊರೆಕಟ್ಟಿದಂತೆ ತಾಮ್ರ ಅದರ ಅಡಿಯಲ್ಲಿ ಶೇಖರವಾಗುತ್ತದೆ, ಸುಮಾರು 1085 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಕಣಗಳ ಅಂಚಿಗೆ ಇಳಿಯುತ್ತದೆ. ರೋಲ್ ಒತ್ತಿದಾಗ ಅಲ್ಲಿಯೇ ಸೀಳುತ್ತದೆ. ಗುಜರಿಯ ಪಾಲು ಹೆಚ್ಚಿಸಬೇಕೆಂದರೆ ಎಷ್ಟು ತಾಮ್ರವನ್ನು ಎಷ್ಟು ಉಷ್ಣಾಂಶದಲ್ಲಿ, ಎಷ್ಟು ವೇಗದಲ್ಲಿ ತಾಳಿಕೊಳ್ಳಬಹುದು ಎಂಬ ಲೆಕ್ಕ ಬೇಕೇಬೇಕು. ಉದ್ಯಮದೊಂದಿಗೆ ಸೇರಿ ನಡೆಸುವ ಪಿಎಚ್.ಡಿ. ಕಾರ್ಯಕ್ರಮಗಳನ್ನು ಹುಡುಕಿ. ನಿಮ್ಮ ಸಂಸ್ಥೆ ಮಾದರಿಗಳನ್ನು ಹೊರಗೆ ಕೊಡಲು, ಫಲಿತಾಂಶ ಪ್ರಕಟಿಸಲು ಒಪ್ಪುತ್ತದೆಯೇ ಎಂದು ಮೊದಲೇ ಲಿಖಿತವಾಗಿ ಕೇಳಿ. ಒಪ್ಪಿಗೆ ಸಿಗದೆ ನಡುವೆ ನಿಂತುಹೋದ ಪ್ರಬಂಧಗಳನ್ನು ನೋಡಿದ್ದೇನೆ.

ಪಾಲಿಮರ್ ಆಸಕ್ತ: ಪಿಎಲ್ಎ ಎಂಬ ಜೈವಿಕ ಪ್ಲಾಸ್ಟಿಕ್ಕಿನ ಕ್ರೀಪ್ ಕುರಿತು ಪಿಎಚ್.ಡಿ. ಮಾಡಿದರೆ ಮುಂದೆ ಕೆಲಸ ಸಿಗುತ್ತದೆಯೇ?

ಸಿವಿಲ್ ಪದವೀಧರೆ: ಮೇಡಂ, ಸಿಮೆಂಟ್ ಕಡೆ ಇನ್ನೂ ಹೊಸ ವಿಷಯ ಉಳಿದಿದೆಯೇ?

ಪ್ರಾಧ್ಯಾಪಕಿ: ಬೇಕಾದಷ್ಟು. 100 ಗ್ರಾಂ ಶುದ್ಧ ಸುಣ್ಣದ ಕಲ್ಲನ್ನು ಸುಟ್ಟರೆ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ, ಇಂಧನ ಯಾವುದೇ ಇರಲಿ. ಹಾಗಾಗಿ ಕ್ಲಿಂಕರನ್ನೇ ಕಡಿಮೆ ಮಾಡಬೇಕು. ಎಲ್‌ಸಿ3 ಎಂಬ ಮಿಶ್ರಣದ ಸಾಮಾನ್ಯ ರೂಪದಲ್ಲಿ ಕ್ಲಿಂಕರ್ ಶೇಕಡಾ 50, ಸುಟ್ಟ ಜೇಡಿಮಣ್ಣು 30, ಸುಣ್ಣದ ಕಲ್ಲು 15, ಜಿಪ್ಸಮ್ 5. ಕ್ಲಿಂಕರಿಗೆ ಸುಮಾರು 1450 ಡಿಗ್ರಿ ಬೇಕು, ಜೇಡಿಗೆ 700ರಿಂದ 850 ಸಾಕು. ಕಂಬಿಗೆ ತುಕ್ಕು ತರುವ ಕ್ಲೋರೈಡನ್ನು ಇದು ಚೆನ್ನಾಗಿ ತಡೆಯುತ್ತದೆ, ಆದರೆ ಕಾರ್ಬನೀಕರಣಕ್ಕೆ (ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಸೇರಿ ಸಿಮೆಂಟಿನೊಂದಿಗೆ ವರ್ತಿಸುವುದಕ್ಕೆ) ಸಾಮಾನ್ಯ ಸಿಮೆಂಟಿಗಿಂತ ಬೇಗ ಒಳಗಾಗುತ್ತದೆ. ಬಿರುಕು ಬಿಟ್ಟ, ಭಾರ ಹೊತ್ತ ಸ್ಥಿತಿಯಲ್ಲಿ ಆ ಕಾರ್ಬನೀಕರಣ ಒಳಗಿನ ಕಂಬಿಯನ್ನು ಯಾವಾಗ ಮುಟ್ಟುತ್ತದೆ? ಅಲ್ಲಿಂದ ಹಿಡಿಯಿರಿ.

ಸೈಟ್ ಇಂಜಿನಿಯರ್: ಇಷ್ಟೆಲ್ಲ ಏಕೆ? ಪ್ಲಾಸ್ಟಿಕ್ ತ್ಯಾಜ್ಯದ ಚೂರು ಬೆರೆಸಿದರೆ ಕಾಂಕ್ರೀಟ್ ಎರಡು ಪಟ್ಟು ಗಟ್ಟಿಯಾಗುತ್ತದೆ, ತ್ಯಾಜ್ಯವೂ ಮುಗಿಯುತ್ತದೆ. ವಿಡಿಯೊ ನಮ್ಮ ಗುಂಪಿನಲ್ಲೇ ಬಂದಿತ್ತು.

ಸಿವಿಲ್ ಪದವೀಧರೆ: ಆ ವಿಡಿಯೊದಲ್ಲಿ ಒಂದು ಘನವನ್ನೂ ಯಂತ್ರಕ್ಕೆ ಇಟ್ಟು ಒಡೆದು ತೋರಿಸಿಲ್ಲ. ಸುತ್ತಿಗೆಯಿಂದ ಹೊಡೆದು ತೋರಿಸಿದ್ದಾರೆ.

ಸೈಟ್ ಇಂಜಿನಿಯರ್: ಪ್ರಯೋಗಾಲಯದಲ್ಲಿ ಕೂತವರಿಗೆ ಸೈಟಿನ ಅನುಭವ ಎಲ್ಲಿಂದ ಬರಬೇಕು? ನೀವು ಎಷ್ಟು ಕಾಂಕ್ರೀಟ್ ಹಾಕಿಸಿದ್ದೀರಿ?

ಸಿವಿಲ್ ಪದವೀಧರೆ: ನಾನು ಎಷ್ಟು ಹಾಕಿಸಿದ್ದೇನೆ ಎಂಬುದಕ್ಕೂ ಪ್ಲಾಸ್ಟಿಕ್ ಅಂಟುತ್ತದೆಯೋ ಇಲ್ಲವೋ ಎಂಬುದಕ್ಕೂ ಏನು ಸಂಬಂಧ?

ರೋಲಿಂಗ್ ಮಿಲ್ ಇಂಜಿನಿಯರ್: ಇಬ್ಬರೂ ಸ್ವಲ್ಪ ತಾಳಿ. ಸುತ್ತಿಗೆ ಏಟಿಗೆ ಒಡೆಯದಿರುವುದು ಬೇರೆ, ಒತ್ತಡ ತಾಳುವುದು ಬೇರೆ.

ಸೈಟ್ ಇಂಜಿನಿಯರ್: ಉಕ್ಕಿನವರು ಉಕ್ಕಿನ ಬಗ್ಗೆ ಮಾತನಾಡಲಿ.

ಪ್ರಾಧ್ಯಾಪಕಿ: ರೋಲಿಂಗ್ ಮಿಲ್ ಇಂಜಿನಿಯರ್ ಹೇಳಿದ್ದು ಸರಿ. ಜಲ್ಲಿಯ ಬದಲು ಪ್ಲಾಸ್ಟಿಕ್ ಚೂರು ಹಾಕಿದರೆ ಸಂಪೀಡನ ಬಲ ಸಾಮಾನ್ಯವಾಗಿ ಇಳಿಯುತ್ತದೆ. ಪ್ಲಾಸ್ಟಿಕ್ಕಿನ ನುಣುಪು ಮೈಗೆ ಸಿಮೆಂಟ್ ಸರಿಯಾಗಿ ಅಂಟುವುದಿಲ್ಲ, ಜಲ್ಲಿಗೆ ಹೋಲಿಸಿದರೆ ಅದು ಬಹಳ ಮೆದು. ತೆಳುವಾದ ನಾರಿನ ರೂಪದಲ್ಲಿ ಸ್ವಲ್ಪ ಹಾಕಿದರೆ ಹಸಿ ಕಾಂಕ್ರೀಟ್ ಕುಗ್ಗುವಾಗ ಬೀಳುವ ಬಿರುಕು ಕಡಿಮೆಯಾಗುತ್ತದೆ, ಅದು ನಿಜ. ಎರಡನ್ನೂ ಕಲಸಿ ‘ಎರಡು ಪಟ್ಟು ಗಟ್ಟಿ’ ಎನ್ನಬೇಡಿ. ಭಾರ ಹೊರುವ ಭಾಗಕ್ಕೆ ವಿಡಿಯೊ ನೋಡಿ ಏನನ್ನೂ ಬೆರೆಸಬೇಡಿ. ಜನ ಅದರ ಕೆಳಗೆ ಇರುತ್ತಾರೆ.

ಸೈಟ್ ಇಂಜಿನಿಯರ್: ಸರಿ, ಪ್ರಾಧ್ಯಾಪಕರು ಹೇಳಿದ ಮೇಲೆ ಮುಗಿಯಿತಲ್ಲ.

ಇನ್ನೊಬ್ಬ ಹೊಸ ಸದಸ್ಯ: ಮೇಡಂ, ನನಗೆ ಶೇಕಡಾ 61. ಸ್ಥಾನ ಸಿಗುತ್ತದೆಯೇ?

ಪ್ರಾಧ್ಯಾಪಕಿ: ಮೇಲೆ ಓದಿ.

ಉಪನ್ಯಾಸಕಿ, ಡಿಪ್ಲೊಮಾ ಕಾಲೇಜು: ಮೇಡಂ, ಒಂದು ಸಲಹಾ ಸಂಸ್ಥೆಯ ಮೂಲಕ ವಿದೇಶದಲ್ಲಿ ‘ಹಸಿರು ಕಾಂಪೋಸಿಟ್’ ಪಿಎಚ್.ಡಿ. ಸ್ಥಾನ ಖಚಿತವಾಗಿದೆ ಎಂದು ಪತ್ರ ಬಂದಿದೆ. ಸ್ಥಾನ ಕಾಯ್ದಿರಿಸಲು ವಾರದೊಳಗೆ ಹಣ ಕಟ್ಟಬೇಕಂತೆ. ಜೊತೆಗೆ ಎರಡು ಲೇಖನಗಳನ್ನು ಅವರೇ ಪ್ರಕಟಿಸಿಕೊಡುತ್ತಾರಂತೆ. ಕೆಲಸಕ್ಕೆ ರಾಜೀನಾಮೆ ಬರೆದಿಟ್ಟಿದ್ದೇನೆ.

ಪ್ರಾಧ್ಯಾಪಕಿ: ರಾಜೀನಾಮೆ ಕೊಡಬೇಡಿ. ಹಣವನ್ನೂ ಕಟ್ಟಬೇಡಿ. ಮೊದಲು ಇವೆರಡನ್ನು ನಿಲ್ಲಿಸಿ, ಆಮೇಲೆ ಉಳಿದದ್ದನ್ನು ಓದಿ.

ಕೆಲವು ವಿಶ್ವವಿದ್ಯಾಲಯಗಳು ಅರ್ಜಿ ಶುಲ್ಕ, ಬೋಧನಾ ಶುಲ್ಕ ಪಡೆಯುತ್ತವೆ. ಆದರೆ ಅದು ಅವರ ಅಧಿಕೃತ ಪುಟದ ಮೂಲಕ, ಅವರ ಖಾತೆಗೇ ಹೋಗುತ್ತದೆ. ಮಧ್ಯವರ್ತಿಗೆ ಹಣ ಕಟ್ಟಿ ‘ಕಾಯ್ದಿರಿಸುವ’ ಸಂಶೋಧನಾ ಸ್ಥಾನವನ್ನು ನಾನು ಕಂಡಿಲ್ಲ. ಪತ್ರದಲ್ಲಿ ಮಾರ್ಗದರ್ಶಕರ ಹೆಸರಿದೆಯೇ? ಇದ್ದರೆ ಪತ್ರದಲ್ಲಿ ಕೊಟ್ಟ ವಿಳಾಸಕ್ಕೆ ಬರೆಯಬೇಡಿ. ವಿಶ್ವವಿದ್ಯಾಲಯದ ಪುಟದಲ್ಲಿ ಅವರ ಮಿಂಚಂಚೆಯನ್ನು ನೀವೇ ಹುಡುಕಿ, ಪತ್ರದ ಪ್ರತಿ ಲಗತ್ತಿಸಿ, ‘ಇದನ್ನು ನೀವು ಕಳುಹಿಸಿದ್ದೀರಾ?’ ಎಂದು ಒಂದೇ ಸಾಲು ಕೇಳಿ. ವಿಭಾಗದ ಕಚೇರಿಗೂ ಪ್ರತಿ ಹಾಕಿ. ಹೆಸರೇ ಇಲ್ಲದಿದ್ದರೆ ಕೇಳುವ ಅಗತ್ಯವೂ ಇಲ್ಲ. ಮಾರ್ಗದರ್ಶಕರು ಯಾರೆಂದು ತಿಳಿಯದ ಪಿಎಚ್.ಡಿ. ಪ್ರವೇಶಕ್ಕೆ ಕೆಲಸ ಬಿಡುವಷ್ಟು ತೂಕವಿಲ್ಲ.

ಆ ಎರಡು ಲೇಖನಗಳ ಮಾತು ಇನ್ನೂ ಅಪಾಯಕಾರಿ. ನೀವು ಮಾಡದ ಕೆಲಸದ ಮೇಲೆ ನಿಮ್ಮ ಹೆಸರು ಬಂದರೆ ಅದು ಜೀವನಪೂರ್ತಿ ಹಿಂಬಾಲಿಸುತ್ತದೆ. ಸಂದರ್ಶನದಲ್ಲಿ ‘ಈ ಮಾದರಿಯನ್ನು ಹೇಗೆ ಕತ್ತರಿಸಿದಿರಿ?’ ಎಂದು ಕೇಳಿದರೆ ಏನು ಹೇಳುತ್ತೀರಿ?

ನಿಮ್ಮಂಥವರಿಗೆ ನಿಜವಾದ ದಾರಿಗಳಿವೆ. ಯುರೋಪಿನ ಮೇರಿ ಸ್ಕ್ಲೊಡೊವ್‌ಸ್ಕಾ ಕ್ಯೂರಿ ಡಾಕ್ಟೊರಲ್ ನೆಟ್‌ವರ್ಕ್‌ಗಳಲ್ಲಿ ಆಯ್ಕೆಯಾದವರನ್ನು ಸಂಬಳ ಕೊಟ್ಟು ನೇಮಿಸಿಕೊಳ್ಳುತ್ತಾರೆ. ಯಾವ ದೇಶದವರೂ ಅರ್ಜಿ ಹಾಕಬಹುದು. ಈಗಾಗಲೇ ಡಾಕ್ಟರೇಟ್ ಪಡೆದಿರಬಾರದು. ನೇಮಕಕ್ಕೆ ಮುಂಚಿನ 36 ತಿಂಗಳಲ್ಲಿ, ಸೇರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ನೆಲೆಸಿರಬಾರದು ಅಥವಾ ಮುಖ್ಯ ಕೆಲಸ ಮಾಡಿರಬಾರದು. ಉಪನ್ಯಾಸಕ ಹುದ್ದೆಯಲ್ಲಿದ್ದುಕೊಂಡೇ ಅರ್ಜಿ ಹಾಕಿ. ಪತ್ರದ ವಿಷಯ ಏನಾಯಿತೆಂದು ಇಲ್ಲಿ ತಿಳಿಸಿ, ನಾನು ನೋಡುತ್ತಿರುತ್ತೇನೆ.

ಸಂಜೆ ಕಾಲೇಜು: ಎಲ್ಲ ಸಲಹಾ ಸಂಸ್ಥೆಗಳೂ ಮೋಸಗಾರರಲ್ಲ. ನನ್ನ ಅಣ್ಣ ಹಾಗೆಯೇ ಹೋದದ್ದು.

ಉಪನ್ಯಾಸಕಿ, ಡಿಪ್ಲೊಮಾ ಕಾಲೇಜು: ನಿಮ್ಮ ಅಣ್ಣ ಹೋದದ್ದು ಪಿಎಚ್.ಡಿ.ಗೋ, ಎಂ.ಎಸ್.ಗೋ?

ಸಂಜೆ ಕಾಲೇಜು: ಎಂ.ಎಸ್.ಗೆ. ಅದರಲ್ಲೇನು ವ್ಯತ್ಯಾಸ?

ಪ್ರಾಧ್ಯಾಪಕಿ: ಎಲ್ಲ ವ್ಯತ್ಯಾಸವೂ ಅದರಲ್ಲೇ ಇದೆ. ದಯವಿಟ್ಟು ಅವರನ್ನು ಗೊಂದಲಕ್ಕೆ ತಳ್ಳಬೇಡಿ.

ದತ್ತಾಂಶ ವಿಜ್ಞಾನಿ: ಇನ್ನು ಪ್ರಯೋಗಗಳ ಕಾಲ ಮುಗಿಯಿತು. ಮಷಿನ್ ಲರ್ನಿಂಗ್ ಕಲಿತವರು ವಾರದಲ್ಲಿ ಹೊಸ ವಸ್ತು ಹುಡುಕುತ್ತಾರೆ.

ಎಂ.ಟೆಕ್. ವಿದ್ಯಾರ್ಥಿನಿ: ಆ ಮಷಿನ್ ಲರ್ನಿಂಗ್‌ಗೆ ಕಲಿಸುವ ದತ್ತಾಂಶವನ್ನು ಯಾರು ಅಳೆಯಬೇಕು?

ದತ್ತಾಂಶ ವಿಜ್ಞಾನಿ: ಹಳೆಯ ಲೇಖನಗಳಲ್ಲಿ ಬೇಕಾದಷ್ಟಿದೆ.

ಸಿವಿಲ್ ಪದವೀಧರೆ: ಹಳೆಯ ಲೇಖನಗಳಲ್ಲಿ ತೇವಾಂಶವನ್ನೇ ಬರೆದಿರುವುದಿಲ್ಲ. ಮೇಲಿನ ಉತ್ತರ ಓದಿದ್ದೀರಾ?

ಸೈಟ್ ಇಂಜಿನಿಯರ್: ಇಲ್ಲಿ ಯಾರು ಏನು ಹೇಳಿದರೂ ಅವರಿಗೆ ತಪ್ಪೇ.

ನಿರ್ವಾಹಕರು: ವೈಯಕ್ತಿಕ ಟೀಕೆ ಸಾಕು. ಇನ್ನು ಮುಂದೆ ಅಂಥವನ್ನು ಅಳಿಸಲಾಗುವುದು.

ಮೂರನೇ ವರ್ಷದ ವಿದ್ಯಾರ್ಥಿ: ಯಾವ ದೇಶ ಒಳ್ಳೆಯದು ಮೇಡಂ?

ಪ್ರಾಧ್ಯಾಪಕಿ: ದೇಶವನ್ನಲ್ಲ, ಮಾರ್ಗದರ್ಶಕರನ್ನು ಆರಿಸಿ. ಅವರ ಹಳೆಯ ವಿದ್ಯಾರ್ಥಿಗಳಿಬ್ಬರೊಂದಿಗೆ ಮಾತನಾಡಿ.

ಮರದ ರಚನೆ ಆಸಕ್ತ: ಮರದ ಕ್ರೀಪ್ ಮೇಲೆ ತೇವದ ಏರಿಳಿತದ ಪರಿಣಾಮ ಕುರಿತು ಯಾವ ಗುಂಪುಗಳು ಕೆಲಸ ಮಾಡುತ್ತಿವೆ?

ಎಂ.ಟೆಕ್. ವಿದ್ಯಾರ್ಥಿನಿ: ಮೇಡಂ, ಸೋಮವಾರ ಒಂದು ಹೊಸ ಮಾದರಿ ಓಡಿಸಿದೆ. ಪರೀಕ್ಷೆಯ ನಂತರ ತೂಕ ಕಡಿಮೆಯಾಗಿದೆ. ನಡುಭಾಗ ಕೈಗೆ ಬೆಚ್ಚಗೆ ತಾಗುತ್ತಿತ್ತು. ಬಿಗಿತ ಮತ್ತೆ ಏರಿದೆ. ಅಲಗಿನ ಗುರುತು ಸಣ್ಣ ಗೆರೆಯಾಗಿಯೇ ಇದೆ. ಹಾಗಾದರೆ ಇದೆಲ್ಲ ಬರೀ ನೀರಿನದೇ?

ಪ್ರಾಧ್ಯಾಪಕಿ: ಇನ್ನೂ ಹಾಗೆ ಹೇಳಲಾಗದು. ನೀರು ಹೋಗಿದೆ ಎಂಬುದು ಖಚಿತವಾಯಿತು, ಏರಿಕೆಯೆಲ್ಲ ಅದರದ್ದೇ ಎಂಬುದು ಆಗಿಲ್ಲ. ಫೆಟೀಗ್ ಕಾಣದ ಒಂದು ಮಾದರಿಯನ್ನು ಒಲೆಯಲ್ಲಿ ಹಗುರ ಬಿಸಿಗೆ ಇಟ್ಟು ಅಷ್ಟೇ ತೂಕ ಇಳಿಯುವವರೆಗೆ ಒಣಗಿಸಿ, ತಣಿಸಿ, ಬಿಗಿತ ಅಳೆಯಿರಿ. ಅದರ ಏರಿಕೆಯನ್ನು ಇದರ ಏರಿಕೆಯಿಂದ ಕಳೆಯಿರಿ. ಉಳಿದ ಪಾಲು ಎಷ್ಟೆಂದು ಬರೆಯಿರಿ. ಗಾಜಿನ ಮಾದರಿಯನ್ನು ಮರೆಯಬೇಡಿ. ಓಡಿಸಿದ ಮಾದರಿಯನ್ನು ಮುಚ್ಚಿದ ಚೀಲದಲ್ಲಿಡಿ, ಮೇಜಿನ ಮೇಲೆ ಬಿಡಬೇಡಿ.