ಆರ್‌ಸಿಂಕ್: ಫೋಟೋ ಮಾತ್ರ ಕಾಪಿ ಆಗಬೇಕು, ಒಳಗಿನ ಫೋಲ್ಡರ್ ಮುಟ್ಟುತ್ತಲೇ ಇಲ್ಲ

ಪ್ರಶ್ನೆ:
‘ಚಿತ್ರಗಳು’ ಅನ್ನೋ ಫೋಲ್ಡರ್ ಒಳಗೆ ವರ್ಷಕ್ಕೊಂದು ಫೋಲ್ಡರ್ ಇಟ್ಟಿದ್ದೇನೆ, 2015ರಿಂದ. ಫೋಟೋ, ವಿಡಿಯೋ, ಎಡಿಟಿಂಗ್ ಫೈಲು ಎಲ್ಲ ಕಲಸುಮೇಲೋಗರ. ಹೊರಗಿನ ಹಾರ್ಡ್ ಡಿಸ್ಕ್‌ಗೆ ಜೆಪಿಜಿ ಫೋಟೋ ಮಾತ್ರ ಹೋಗಲಿ ಅಂತ, ಫೈಲು ಕಾಪಿ ಮಾಡೋ ಆರ್‌ಸಿಂಕ್ ಕಮಾಂಡ್‌ಗೆ ಮೊದಲು ಇನ್‌ಕ್ಲೂಡ್ (ಸೇರಿಸು) '*.ಜೆಪಿಜಿ', ಆಮೇಲೆ ಎಕ್ಸ್‌ಕ್ಲೂಡ್ (ಹೊರಗಿಡು) '*' ಕೊಟ್ಟೆ. ಯಾವ ಫೋಲ್ಡರ್‌ಗೂ ಸೇರದೆ ಹೊರಗಿದ್ದ ನಾಲ್ಕು ಫೋಟೋ ಬಂದವು, ಅಷ್ಟೇ. ಎರರ್ ಕೂಡ ಇಲ್ಲ. ಎಲ್ಲಿ ಎಡವಿದ್ದೇನೆ?

ಉತ್ತರ 1:
ಆ ಕೊನೆಯ ಸ್ಟಾರ್ ನೋಡಿ, ಅದರ ಅರ್ಥ ‘ಯಾವ ಹೆಸರಾದರೂ ಸರಿ’ ಅಂತ. ಆರ್‌ಸಿಂಕ್ ನಿಯಮಗಳನ್ನು ಮೇಲಿಂದ ಕೆಳಗೆ ಓದುತ್ತೆ, ಮೊದಲು ಯಾವುದು ಹೊಂದುತ್ತೋ ಅದೇ ಲೆಕ್ಕಕ್ಕೆ. ‘2015’ ಫೋಲ್ಡರ್ ಎದುರಾದಾಗ ಅದು ಜೆಪಿಜಿ ಅಲ್ವಲ್ಲ, ಹಾಗಾಗಿ '*' ಅದನ್ನೂ ಹೊರಗಿಡುತ್ತೆ. ಬಾಗಿಲಲ್ಲೇ ವಾಪಸ್ ಬಂದ ಮೇಲೆ ಒಳಗೇನಿದೆ ಅಂತ ನೋಡೋದೇ ಇಲ್ಲ. ಎಲ್ಲಕ್ಕಿಂತ ಮೊದಲು ಇನ್‌ಕ್ಲೂಡ್ '*/' ಸೇರಿಸಿ. ಕೊನೆಯಲ್ಲಿ ಸ್ಲ್ಯಾಶ್ ಇದ್ದರೆ ಫೋಲ್ಡರ್‌ಗೆ ಮಾತ್ರ ಅನ್ವಯ. ಆಗ ಬರೀ ವಿಡಿಯೋ ಇರೋ ಫೋಲ್ಡರ್‌ಗಳು ಡಿಸ್ಕ್‌ನಲ್ಲಿ ಖಾಲಿ ಖಾಲಿ ಬಂದು ಕೂರುತ್ತವೆ, ಅದು ಬೇಡ ಅಂದ್ರೆ ಮೈನಸ್ ಎಮ್ ಹಾಕಿ.

ಕೇಳಿದವರು:
ಆಯ್ತು, ಥ್ಯಾಂಕ್ಸ್! ಆದರೆ 2018ರಲ್ಲಿ ಅರ್ಧಕ್ಕರ್ಧ ಫೋಟೋ ಬಂದಿಲ್ಲ. ಹಳೇ ಕ್ಯಾಮೆರಾದವು.

ಉತ್ತರ 2:
ಆ ಫೈಲುಗಳ ಕೊನೆಯಲ್ಲಿ ಜೆಪಿಜಿ ಅಂತ ದೊಡ್ಡಕ್ಷರದಲ್ಲಿ ಇರಬೇಕು, ನೋಡಿ. ಆರ್‌ಸಿಂಕ್‌ಗೆ ಚಿಕ್ಕಕ್ಷರ ಬೇರೆ, ದೊಡ್ಡಕ್ಷರ ಬೇರೆ. ಅದಕ್ಕೂ ಒಂದು ಇನ್‌ಕ್ಲೂಡ್ ಕೊಡಿ, ಆದರೆ ಎಕ್ಸ್‌ಕ್ಲೂಡ್ '*'ಗಿಂತ ಮೊದಲು ಬರಬೇಕು, ಅದರ ನಂತರ ಬರೆದದ್ದು ಬರೆಯದ ಹಾಗೇ. ಓಡಿಸೋ ಮುಂಚೆ ಮೈನಸ್ ಎನ್, ಮೈನಸ್ ವಿ ಎರಡೂ ಸೇರಿಸಿದರೆ ಏನೂ ಕಾಪಿ ಆಗದೆ ಪಟ್ಟಿ ಮಾತ್ರ ಬರುತ್ತೆ.

ಉತ್ತರ 3:
ಮುಂದೆ ಡಿಲೀಟ್ ಆಪ್ಷನ್ (ಮೂಲ ಫೋಲ್ಡರ್‌ನಲ್ಲಿ ಇಲ್ಲದ್ದನ್ನು ಡಿಸ್ಕ್‌ನಿಂದ ಅಳಿಸೋದು) ಸೇರಿಸೋ ಯೋಚನೆ ಇದ್ದರೆ ಒಂದು ಮಾತು. ಬರೀ ‘ಡಿಲೀಟ್’ ಕೊಟ್ಟರೆ, ಎಕ್ಸ್‌ಕ್ಲೂಡ್‌ಗೆ ಹೊಂದುವ ಫೈಲುಗಳು ಡಿಸ್ಕ್‌ನಲ್ಲಿ ಹಾಗೇ ಉಳಿಯುತ್ತವೆ. ‘ಡಿಲೀಟ್-ಎಕ್ಸ್‌ಕ್ಲೂಡೆಡ್’ ಅವನ್ನೂ ಗುಡಿಸಿ ಹಾಕುತ್ತೆ. ನಾನು ಅರ್ಥ ನೋಡದೆ ಸುಮ್ನೆ ಹಾಕಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಜಾಗ ಇಲ್ಲ ಅಂತ ಡಿಸ್ಕ್‌ನಲ್ಲಿ ಮಾತ್ರ ಇಟ್ಟಿದ್ದ ವಿಡಿಯೋಗಳೆಲ್ಲ ಹೋದವು.

ಕೇಳಿದವರು:
ದೊಡ್ಡಕ್ಷರದ್ದೇ ಕಿತಾಪತಿ. ಈಗ ಪಟ್ಟಿಯಲ್ಲಿ 2018ರವು ಎಲ್ಲ ಕಾಣ್ತಿವೆ, ಮೈನಸ್ ಎನ್ ತೆಗೆದು ಓಡಿಸ್ತೀನಿ. ಡಿಲೀಟ್ ತಂಟೆಗೆ ಮಾತ್ರ ಹೋಗಲ್ಲಪ್ಪ.