ಕ್ಲಚ್ ಬಿಟ್ಟ ಪ್ರೊಪೆಲ್ಲರ್: ಗ್ಲೈಡ್ ಉದ್ದ ಆಗುತ್ತಾ, ಗಿಡ್ಡ ಆಗುತ್ತಾ?

ಗುಬ್ಬಿ ರೋಟರ್:
ರೋಟಾಕ್ಸ್ 582 ಎಂಜಿನ್ನಿನ ಎರಡು ಸೀಟಿನ ಟ್ರೈಕ್‌ಗೆ (ಬಟ್ಟೆ ರೆಕ್ಕೆಯ ಕೆಳಗೆ ಮೂರು ಚಕ್ರದ ಗಾಡಿ ತೂಗೋ ಹಗುರ ವಿಮಾನ) ಆರ್‌ಕೆ-400 ಸೆಂಟ್ರಿಫ್ಯೂಗಲ್ ಕ್ಲಚ್ (ಎಂಜಿನ್ ವೇಗ ಏರಿದಾಗ ತಾನೇ ಹಿಡಿದು, ಇಳಿದಾಗ ಬಿಡೋದು) ಹಾಕಿಸಬೇಕಾ ಅನ್ನೋದು ಪ್ರಶ್ನೆ. ಹಾಕಿಸಬೇಕು ಅಂತ ನನ್ನ ವಾದ. ಕ್ಲಚ್ ಬಿಟ್ಟಾಗ ಪ್ರೊಪೆಲ್ಲರ್ ಎಂಜಿನ್ನಿನ ಹಂಗಿಲ್ಲದೆ ತಿರುಗುತ್ತೆ. ಕಂಪ್ರೆಷನ್ (ಸಿಲಿಂಡರಿನಲ್ಲಿ ಒತ್ತಿದ ಗಾಳಿಯ ತಡೆ) ಹಿಡಿದು ಎಳೆಯಲ್ಲ, ಆದ್ದರಿಂದ ಡ್ರ್ಯಾಗ್ (ಗಾಳಿಯ ಎಳೆತ) ಕಡಿಮೆ, ಗ್ಲೈಡ್ (ಎಂಜಿನ್ ಬಲವಿಲ್ಲದೆ ತೇಲಿ ಹೋಗೋ ದೂರ) ಉದ್ದ. ನಮ್ಮ ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಕಾರ್ಖಾನೆ 2023ರಲ್ಲಿ ಉದ್ಘಾಟನೆ ಆಯ್ತಲ್ಲ, ಅಲ್ಲಿನ ಹೆಲಿಕಾಪ್ಟರ್‌ಗಳನ್ನೇ ನೋಡಿ. ಎಂಜಿನ್ ನಿಂತರೂ ಫ್ರೀವೀಲ್ (ರೋಟರನ್ನು ಎಂಜಿನ್‌ನಿಂದ ಬಿಡಿಸೋ ಭಾಗ) ಇರೋದಕ್ಕೇ ರೋಟರ್ ತಿರುಗುತ್ತಾ ಇಳಿಸುತ್ತೆ. ಅದೇ ನ್ಯಾಯ ಪ್ರೊಪೆಲ್ಲರ್‌ಗೂ ಅನ್ವಯಿಸಬೇಕಲ್ಲ?

ಮಾಲೂರು ಗೇರ್‌ಬಾಕ್ಸ್:
ನೀವು ಕೊಟ್ಟ ಉದಾಹರಣೆಯೇ ನಿಮ್ಮ ವಾದಕ್ಕೆ ವಿರುದ್ಧ. ಆಟೋರೊಟೇಷನ್‌ನಲ್ಲಿ, ಅಂದರೆ ಹಾಗೆ ಎಂಜಿನ್ ಇಲ್ಲದೆ ಇಳಿಯುವಾಗ, ಪೈಲಟ್ ಕಲೆಕ್ಟಿವ್ (ಎಲ್ಲ ಬ್ಲೇಡ್ ಕೋನ ಒಟ್ಟಿಗೆ ಬದಲಿಸೋ ಲಿವರ್) ಇಳಿಸಿ ಬ್ಲೇಡ್ ಕೋನವನ್ನು ಸಣ್ಣದು ಮಾಡ್ತಾನೆ. ಕೆಳಗಿಂದ ಬರೋ ಗಾಳಿ ರೋಟರನ್ನು ತಿರುಗಿಸುತ್ತೆ, ತಿರುಗೋ ರೋಟರ್ ಗಾಳಿಗೆ ಎದುರು ನಿಂತು ಇಡೀ ಹೆಲಿಕಾಪ್ಟರನ್ನು ತಡೆದು ಹಿಡಿಯುತ್ತೆ. ರೋಟರ್ ಮಲಗಿರೋದರಿಂದ ಆ ತಡೆ ಮೇಲ್ಮುಖವಾಗಿದೆ, ನಮಗೆ ಬೇಕಾದ್ದೇ ಅದು. ಅದೇ ಚಕ್ರವನ್ನು ಎತ್ತಿ ನಿಲ್ಲಿಸಿ ವಿಮಾನದ ಹಿಂದೆ ಕೂರಿಸಿದರೆ ಆ ತಡೆಯೇ ಹಿಂದಕ್ಕೆ ಎಳೆಯೋ ಬ್ರೇಕ್.

ನಿರ್ಣಯ ಮಾಡೋದು ಬ್ಲೇಡ್ ಕೋನ. ಕೋನ ದೊಡ್ಡದಿದ್ದರೆ ನಿಂತ ಬ್ಲೇಡ್ ಹಲಗೆ ಹಾಗೆ ಗಾಳಿಗೆ ಅಡ್ಡ ನಿಲ್ಲಲ್ಲ, ಆದರೆ ಸ್ಟಾಲ್ ಆಗಿ (ಬ್ಲೇಡಿನ ಮೇಲಿನ ಗಾಳಿ ಹರಿವು ಕಳಚಿ) ಎಳೆಯುತ್ತೆ, ಅಲ್ಲಿ ತಿರುಗೋದೇ ವಾಸಿ. ಟ್ರೈಕ್‌ನ ಬ್ಲೇಡ್ ಕೋನ ತುದಿಯ ಕಡೆ 10ರಿಂದ 15 ಡಿಗ್ರಿ ಅಷ್ಟೇ. ಇಷ್ಟು ಸಣ್ಣ ಕೋನದಲ್ಲಿ ನಿಂತ ಪ್ರೊಪೆಲ್ಲರ್‌ಗಿಂತ ಬಿಟ್ಟು ತಿರುಗೋದರ ಡ್ರ್ಯಾಗ್ ಹೆಚ್ಚು. 350 ಕೆಜಿ ತೂಕ, ಗ್ಲೈಡ್ 7:1 (1 ಮೀಟರ್ ಇಳಿದರೆ 7 ಮೀಟರ್ ಮುಂದೆ) ಅಂದುಕೊಳ್ಳಿ. ತೂಕವನ್ನು 7ರಿಂದ ಭಾಗಿಸಿದರೆ ಒಟ್ಟು ಡ್ರ್ಯಾಗ್ 50 ಕೆಜಿ. ಅದರ ಮೇಲೆ ಬರೀ 4 ಕೆಜಿ ಸೇರಿದರೂ ಗ್ಲೈಡ್ 6.5ಕ್ಕೆ ಇಳಿಯುತ್ತೆ. 300 ಮೀಟರ್ ಎತ್ತರದಿಂದ 2,100 ಮೀಟರ್ ಹೋಗೋದು 1,950ಕ್ಕೆ ನಿಲ್ಲುತ್ತೆ. ಆ 150 ಮೀಟರ್ ಒಳಗೆ ಒಂದು ದ್ರಾಕ್ಷಿ ತೋಟ ಇರಬಹುದು, ಅದರ ತಂತಿ ಚಪ್ಪರದ ಸಮೇತ.

ಕ್ಲಚ್ ಇಲ್ಲದ 582 ಆಕಾಶದಲ್ಲಿ ನಿಂತರೆ, ಟ್ರೈಕ್ ವೇಗದಲ್ಲಿ ಸಾಮಾನ್ಯವಾಗಿ ಕಂಪ್ರೆಷನ್ನೇ ಪ್ರೊಪೆಲ್ಲರನ್ನೂ ನಿಲ್ಲಿಸುತ್ತೆ. ಕ್ಲಚ್ ಇದ್ದರೆ ಅದು ನಿಲ್ಲೋದೇ ಇಲ್ಲ.

ತಿಪಟೂರು ಟ್ರೈಕ್:
ಎಂಜಿನ್ ಸತ್ತಾಗಿನ ಲೆಕ್ಕ ಅದು, ಒಪ್ಪಿದೆ. ದಿನಾ ಮಾಡೋ ಲ್ಯಾಂಡಿಂಗ್ ಬೇರೆ, ಅಲ್ಲಿ ಎಂಜಿನ್ ಐಡಲ್‌ನಲ್ಲಿ (ಥ್ರಾಟಲ್ ಮುಚ್ಚಿದಾಗಿನ ಕನಿಷ್ಠ ವೇಗ) ಓಡ್ತಿರುತ್ತೆ.

ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಹೋಗಬೇಕಾದ ದೂರ) 1 ಮೀಟರ್, ಸಿ ಗೇರ್‌ಬಾಕ್ಸ್ 2.62 (ಎಂಜಿನ್ನಿನ 2.62 ಸುತ್ತಿಗೆ ಪ್ರೊಪೆಲ್ಲರ್ ಒಂದು ಸುತ್ತು) ಇಟ್ಟುಕೊಂಡು ನೋಡಿ. ಎಂಜಿನ್ 2,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅಂದರೆ ಪ್ರೊಪೆಲ್ಲರ್ 763, ಪಿಚ್ ವೇಗ ಗಂಟೆಗೆ 46 ಕಿ.ಮೀ. 2,500ಕ್ಕೆ 57. ಅಪ್ರೋಚ್ (ಇಳಿಯೋಕೆ ಬರೋ ಹಂತ) 65ರಲ್ಲಿ ಬರ್ತೀರಿ, ಹಾಗಾಗಿ ಅಲ್ಲಿ ಐಡಲ್ ಪ್ರೊಪೆಲ್ಲರ್ ದೊಡ್ಡ ಸಹಾಯ ಏನೂ ಮಾಡಲ್ಲ, ಕ್ಲಚ್ ಇದ್ದರೂ ಇಲ್ಲದಿದ್ದರೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಬೀಳೋದು ಫ್ಲೇರ್‌ನಲ್ಲಿ (ನೆಲ ಮುಟ್ಟೋ ಮುಂಚೆ ಮೂತಿ ಎತ್ತಿ ವೇಗ ಇಳಿಸೋದು). ವೇಗ 50ಕ್ಕೆ ಇಳಿದಾಗ 2,500ರಲ್ಲಿ ಓಡೋ ಎಂಜಿನ್ ಮುಂದಕ್ಕೆ ತಳ್ಳೋಕೆ ಶುರು ಮಾಡುತ್ತೆ. ಟ್ರೈಕ್ ನೆಲ ಮುಟ್ಟದೆ ತೇಲುತ್ತೆ, ಮುಟ್ಟಿದ ಮೇಲೂ ತಳ್ಳುತ್ತಾನೇ ಇರುತ್ತೆ. ಗೇರ್ ಕಟಕಟ ಅನ್ನದಿರಲಿ ಅಂತ ಕ್ಲಚ್ ಇಲ್ಲದವರು ಐಡಲ್ ಎತ್ತಿ ಇಟ್ಟಿರ್ತಾರೆ, ಆದ್ದರಿಂದ ಇದು ಪುಸ್ತಕದ ಮಾತಲ್ಲ. ಕ್ಲಚ್ ಇದ್ದರೆ 2,500ರ ಆಸುಪಾಸಿಗಿಂತ ಕೆಳಗೆ ತಳ್ಳುವಿಕೆ ಸೊನ್ನೆ. 250 ಮೀಟರಿನ ಹುಲ್ಲಿನ ರನ್‌ವೇ ಪಟ್ಟಿ, ಕೊನೆಯಲ್ಲಿ ತೆಂಗಿನ ಸಾಲು ಇರೋ ಜಾಗಕ್ಕೆ ನಾನಂತೂ ಕ್ಲಚ್ಚನ್ನೇ ಆರಿಸ್ತೀನಿ.

ಗುಬ್ಬಿ ರೋಟರ್:
ಹೆಲಿಕಾಪ್ಟರ್ ಹೋಲಿಕೆ ಬಿದ್ದುಹೋಯ್ತು, ಸರಿ. ರೋಟಾಕ್ಸ್ 912 ಎಂಜಿನ್ನಿನಲ್ಲೂ ಕ್ಲಚ್ ಇರುತ್ತಲ್ಲ, ಅದೂ ಹೀಗೇ ಬಿಡುತ್ತಾ?

ಮಾಲೂರು ಗೇರ್‌ಬಾಕ್ಸ್:
ಇಲ್ಲ. ಅದು ಓವರ್‌ಲೋಡ್ ಕ್ಲಚ್. ಪ್ರೊಪೆಲ್ಲರ್ ನೆಲಕ್ಕೆ ತಾಗಿದಾಗ ಕ್ರ್ಯಾಂಕ್‌ಶಾಫ್ಟ್‌ಗೆ ಪೆಟ್ಟು ಬೀಳದಂತೆ ಜಾರುತ್ತೆ, ಅಷ್ಟೇ. ಹಾರಾಟದಲ್ಲಿ ಪ್ರೊಪೆಲ್ಲರನ್ನು ಎಂಜಿನ್‌ನಿಂದ ಬಿಡಿಸಲ್ಲ. ಸ್ಪ್ರ್ಯಾಗ್ ಕ್ಲಚ್ (ಒಂದೇ ದಿಕ್ಕಿಗೆ ಹಿಡಿಯೋದು) ಇರೋದು ಸ್ಟಾರ್ಟರ್‌ಗೆ. ಮೂರನ್ನೂ ಒಂದೇ ಅಂದುಕೊಂಡು ಬಿಡಿಭಾಗ ತರಿಸಬೇಡಿ.

ನಂದಿ ಗಾಳಿ, ಚಿಕ್ಕಬಳ್ಳಾಪುರ:
ತಿಪಟೂರಿನವರ ಲೆಕ್ಕ ಸರಿ, ತೀರ್ಮಾನಕ್ಕೆ ತಕರಾರು ಇದೆ. ಫ್ಲೇರ್ ಗಿಡ್ಡ ಆಗುತ್ತೆ ನಿಜ, ಜೊತೆಗೆ ವೇಗವೂ ಬೇಗ ಸಾಯುತ್ತೆ. ಕ್ಲಚ್ ಇಲ್ಲದ ಅಭ್ಯಾಸದಲ್ಲಿ ಎತ್ತರಕ್ಕೇ ಫ್ಲೇರ್ ಹಿಡಿದರೆ ಒಂದೂವರೆ ಮೀಟರ್ ಮೇಲಿಂದ ಧೊಪ್ಪನೆ ಬೀಳ್ತೀರಿ. ಅಪ್ರೋಚ್ ವೇಗ 5 ಕಿ.ಮೀ. ಜಾಸ್ತಿ ಇಟ್ಟು, ಫ್ಲೇರ್ ತಗ್ಗಿನಲ್ಲಿ ಶುರು ಮಾಡಬೇಕು.

ಇನ್ನೊಂದು, ಥ್ರಾಟಲ್ ತಡ. ಐಡಲ್‌ನಿಂದ ಥ್ರಾಟಲ್ ತೆರೆದರೆ ಎಂಜಿನ್ ಮೊದಲು 2,500 ದಾಟಬೇಕು, ಕ್ಲಚ್ಚಿನ ಶೂ (ಒಳಗಿನ ಹಿಡಿತದ ತುಂಡುಗಳು) ಹೊರಗೆ ಬಂದು ಸುತ್ತಲಿನ ಡ್ರಮ್ ಹಿಡಿಯಬೇಕು, ಆಮೇಲೆ ಬಲ. ನೆಲದಿಂದ ಹತ್ತು ಮೀಟರ್ ಮೇಲೆ ಸಿಂಕ್ (ಕೆಳಕ್ಕೆ ಒತ್ತೋ ಗಾಳಿ) ಸಿಕ್ಕರೆ ಆ ಕ್ಷಣವೇ ದುಬಾರಿ. ಪಟ್ಟಿ ತಲುಪೋದು ಖಚಿತವಾಗುವ ತನಕ 3,000 ಆರ್‌ಪಿಎಂ ಹಿಡಿದಿಡಿ. ಥ್ರಾಟಲ್ ಮುಚ್ಚೋದು ಕೊನೆಗೆ.

ಇಲ್ಲಿನ ಎತ್ತರವನ್ನೂ ಮರೆಯಬೇಡಿ. ಚಿಕ್ಕಬಳ್ಳಾಪುರ 900 ಮೀಟರ್ ಮೇಲಿದೆ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಬಿಸಿಲಿಗೆ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿಯ ತೆಳುವಿಗೆ ಸಮನಾದ ಎತ್ತರ) ಸುಮಾರು 6,000 ಅಡಿ. ವೇಗದ ಮೀಟರಿನಲ್ಲಿ 65 ಕಂಡರೆ ನಿಜವಾದ ವೇಗ 71. ಗ್ಲೈಡ್ ಕೋನ ಬದಲಾಗಲ್ಲ, ಇಳಿಯೋ ವೇಗ ಮತ್ತು ನೆಲದ ಓಟ ಎರಡೂ ಹೆಚ್ಚುತ್ತೆ.

ಶ್ರೀನಿವಾಸಪುರ ಹ್ಯಾಂಗರ್:
ಎಲ್ಲರೂ ಕ್ಲಚ್ ಸರಿಯಾಗಿ ಬಿಡುತ್ತೆ, ಸರಿಯಾಗಿ ಹಿಡಿಯುತ್ತೆ ಅಂತಲೇ ಮಾತಾಡ್ತಿದ್ದೀರಿ. ಕೆಡೋದು ಅಲ್ಲೇ.

ಐಡಲ್ 2,300–2,400ಕ್ಕೆ ಇಟ್ಟರೆ ಶೂ ಅರ್ಧ ಹಿಡಿದು ಅರ್ಧ ಜಾರುತ್ತೆ. ಶೂ ಮೇಲಿನ ಲೈನಿಂಗ್ ಸುಟ್ಟು ಗಾಜಿನ ಹಾಗೆ ನುಣುಪಾಗುತ್ತೆ, ಡ್ರಮ್ ನೀಲಿ ಬಣ್ಣಕ್ಕೆ ತಿರುಗುತ್ತೆ. ಐಡಲ್ 1,800ರಿಂದ 2,000 ಒಳಗೆ ಇಡಿ. ಟ್ಯಾಕ್ಸಿ ಮಾಡುವಾಗ 2,500ರ ಅಂಚಿನಲ್ಲಿ ತೆವಳಿಸಬೇಡಿ. ಒಂದು ಸಲ ಪೂರ್ತಿ ಹಿಡಿಸಿ, ಉರುಳಲು ಬಿಡಿ.

ಸ್ಪ್ರಿಂಗ್ ಸಡಿಲವಾದರೆ ಕ್ಲಚ್ ಬೇಗ ಹಿಡಿಯುತ್ತೆ, ಸ್ಟಾರ್ಟ್ ಮಾಡಿದ ಕೂಡಲೇ ಪ್ರೊಪೆಲ್ಲರ್ ಓಡುತ್ತೆ. ಕ್ಲಚ್ ಇದೆ ಅಂತ ಪ್ರೊಪೆಲ್ಲರ್ ಪಕ್ಕ ಯಾರನ್ನೂ ನಿಲ್ಲಿಸಬೇಡಿ. ಲೈನಿಂಗ್ ಸವೆದರೆ ಉಲ್ಟಾ, ತಡವಾಗಿ ಹಿಡಿದು ಜಾರುತ್ತೆ. ಎಲ್ಲಕ್ಕಿಂತ ಕೆಟ್ಟದ್ದು ಆಯಿಲ್ ಸೀಲ್ ಸೋರಿ ಶೂಗೆ ಎಣ್ಣೆ ತಾಗೋದು. ಆಗ ಆರ್‌ಪಿಎಂ ಏರುತ್ತೆ, ಬಲ ಏರಲ್ಲ. ಟ್ರೈಕ್ ಕಟ್ಟಿಹಾಕಿ ಪೂರ್ತಿ ಥ್ರಾಟಲ್ ಕೊಟ್ಟು ನೋಡಿ: ಪಿಚ್ ಬದಲಿಸದೆ ಮೊದಲು 6,200 ಬರ್ತಿದ್ದದ್ದು ಈಗ 6,500 ಬಂದರೆ ಎಂಜಿನ್‌ಗೆ ಶಕ್ತಿ ಬಂತು ಅಂತ ಖುಷಿಪಡಬೇಡಿ, ಕ್ಲಚ್ ಬಿಚ್ಚಿ. ಎಂಜಿನ್ ಆಫ್ ಇದ್ದಾಗ ಪ್ರೊಪೆಲ್ಲರ್ ಕೈಯಲ್ಲಿ ಎರಡೂ ದಿಕ್ಕಿಗೆ ಸಲೀಸಾಗಿ ತಿರುಗಬೇಕು. ಕಂಪ್ರೆಷನ್ ಕೈಗೆ ತಗುಲಿದರೆ ಶೂ ಅಂಟಿಕೊಂಡಿದೆ.

ತಿಪಟೂರು ಟ್ರೈಕ್:
3,000 ಹಿಡಿದಿಡೋ ಮಾತನ್ನು ನಾನೂ ಒಪ್ತೀನಿ, ಅದಕ್ಕೆ ಎಂಜಿನ್ ಕಡೆಯ ಕಾರಣವೂ ಇದೆ. ಕ್ಲಚ್ ಬಿಟ್ಟು ಉದ್ದಕ್ಕೆ ಇಳಿದರೆ 582 ತಣ್ಣಗಾಗುತ್ತೆ. ನೀರು 65 ಡಿಗ್ರಿಗಿಂತ ಕೆಳಗೆ ಹೋದಾಗ ಒಮ್ಮೆಲೇ ಪೂರ್ತಿ ಥ್ರಾಟಲ್ ಕೊಟ್ಟರೆ ಪಿಸ್ಟನ್ ಮೊದಲು ಹಿಗ್ಗಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತೆ. ಪ್ರತಿ 150 ಮೀಟರ್ ಇಳಿತಕ್ಕೆ ಕೆಲವು ಸೆಕೆಂಡು 3,500ಕ್ಕೆ ಏರಿಸಿ.

ಮಾಲೂರು ಗೇರ್‌ಬಾಕ್ಸ್:
ಹಾಗಾದರೆ ಗುಬ್ಬಿಯವರು ಹಾಕಿಸಲಿ, ಆದರೆ ಅಳೆಯದೆ ಪಟ್ಟಿ ಬಿಟ್ಟು ದೂರ ಹೋಗೋದು ಬೇಡ. ಗಾಳಿ ಇಲ್ಲದ ಬೆಳಗ್ಗೆ, ಪಟ್ಟಿಯ ನೇರ ಮೇಲೆ, ನೆಲದಿಂದ 600 ಮೀಟರ್ ಎತ್ತರದಲ್ಲಿ 65 ಕಿ.ಮೀ. ವೇಗ ಸ್ಥಿರ ಮಾಡಿ 150 ಮೀಟರ್ ಇಳಿಯೋಕೆ ಎಷ್ಟು ಸೆಕೆಂಡು ಅಂತ ಗಡಿಯಾರ ಹಿಡಿಯಿರಿ. ಒಮ್ಮೆ ಐಡಲ್‌ನಲ್ಲಿ, ಒಮ್ಮೆ 3,000ರಲ್ಲಿ. ಎದುರು ದಿಕ್ಕಿಗೂ ಅದೇ. ಪಟ್ಟಿ ಕೈಗೆಟುಕುವ ಎತ್ತರ ಇರುವಾಗ ಎಂಜಿನ್ ಆಫ್ ಮಾಡಿ ಇನ್ನೊಮ್ಮೆ, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ದಾಗ ಮಾತ್ರ. ನಿಜವಾದ ವೇಗ ಸೆಕೆಂಡಿಗೆ ಇಷ್ಟು ಮೀಟರ್ ಅಂತ ತೆಗೆದು, ಸೆಕೆಂಡುಗಳಿಂದ ಗುಣಿಸಿ, 150ರಿಂದ ಭಾಗಿಸಿದರೆ ನಿಮ್ಮ ಗ್ಲೈಡ್ ಬರುತ್ತೆ. ಆಫ್ ಮಾಡಿದಾಗ ಬಂದ ಅಂಕಿಯನ್ನೇ ಚೀಟಿಯಲ್ಲಿ ಬರೆದು ವೇಗದ ಮೀಟರ್ ಪಕ್ಕ ಅಂಟಿಸಿ, ಐಡಲ್‌ನದ್ದನ್ನಲ್ಲ.

ಗುಬ್ಬಿ ರೋಟರ್:
ಆ ಅಳತೆಯನ್ನು ಕ್ಲಚ್ ಹಾಕಿಸೋ ಮುಂಚೆಯೂ ಒಂದು ಸಲ ಮಾಡಬೇಕು, ಇಲ್ಲದಿದ್ದರೆ ಎಷ್ಟು ಹೋಯ್ತು ಅಂತ ಗೊತ್ತಾಗಲ್ಲ. ಎರಡೂ ಸಲ ಅದೇ ತೂಕ, ಅದೇ ಬ್ಲೇಡ್ ಕೋನ. ಅಂಕಿ ಬಂದ ಮೇಲೆ ಇಲ್ಲೇ ಹಾಕ್ತೀನಿ.