‘ವೆರಿ’ ಬದಲು ಏನು ಹಾಕೋದು? ಇಂಗ್ಲಿಷ್ ವಾಕ್ಯಕ್ಕೆ ಒತ್ತು ಕೊಡುವ ಪದಗಳ ಪ್ರಶ್ನೋತ್ತರ

ಪ್ರಶ್ನೆ (ಬಿಕಾಂ ಮುಗಿಸಿ ಕೆಲಸ ಹುಡುಕುತ್ತಿರುವವರು): ಮೇಡಂ, ಕವರ್ ಲೆಟರ್‌ನಲ್ಲಿ ‘ವೆರಿ’ ಪದೇಪದೇ ಬರಬಾರದು ಅಂತ ಸಮಾನಾರ್ಥಕ ಪದಗಳ ಪಟ್ಟಿ ನೋಡಿ ಅಲ್ಲಲ್ಲಿ ಬದಲಾಯಿಸಿದ್ದೇನೆ. ಈ ನಾಲ್ಕು ವಾಕ್ಯ ಸರಿ ಇವೆಯಾ?
‘ಐ ವೆರಿ ಲೈಕ್ ದಿಸ್ ಫೀಲ್ಡ್.’ ‘ಐ ಆಮ್ ಹೈಲಿ ಹ್ಯಾಪಿ ಟು ಅಪ್ಲೈ.’ ‘ಮೈ ಎಕ್ಸೆಲ್ ಸ್ಕಿಲ್ಸ್ ಆರ್ ವೆರಿ ಬೆಟರ್ ನೌ.’ ‘ಐ ಕ್ಯಾನ್ ವರ್ಕ್ ಹಾರ್ಡ್ಲಿ.’

ಉತ್ತರ (ಇಂಗ್ಲಿಷ್ ಉಪನ್ಯಾಸಕಿ): ನಾಲ್ಕನ್ನೂ ತಿದ್ದಬೇಕು. ಕೊನೆಯದನ್ನು ಮೊದಲು ತಿದ್ದಿ, ಅದು ಅರ್ಥವನ್ನೇ ಕೆಡಿಸುತ್ತದೆ. ‘ಹಾರ್ಡ್ಲಿ’ ಅಂದರೆ ‘ಇಲ್ಲವೆಂಬಷ್ಟು ಕಡಿಮೆ’. ‘ಐ ಹಾರ್ಡ್ಲಿ ವರ್ಕ್’ ಅಂದರೆ ನಾನು ಕೆಲಸ ಮಾಡೋದೇ ಅಪರೂಪ ಅಂತ. ಕಷ್ಟಪಟ್ಟು ಅನ್ನುವುದಕ್ಕೆ ಕ್ರಿಯಾಪದದ ಮುಂದೆ ಬರೀ ‘ಹಾರ್ಡ್’ ಸಾಕು: ‘ಐ ವರ್ಕ್ ಹಾರ್ಡ್.’

‘ವೆರಿ’ ಗುಣವಾಚಕದ ಹಿಂದೆ, ಇಲ್ಲವೇ ‘ವೆರಿ ಕ್ವಿಕ್ಲಿ’ಯಂತೆ ಇನ್ನೊಂದು ಕ್ರಿಯಾವಿಶೇಷಣದ ಹಿಂದೆ ನಿಲ್ಲುತ್ತದೆ. ಕ್ರಿಯಾಪದದ ಹಿಂದೆ ಒಂಟಿಯಾಗಿ ನಿಲ್ಲುವುದಿಲ್ಲ. ಹಾಗಾಗಿ ‘ಐ ರಿಯಲಿ ಲೈಕ್ ದಿಸ್ ಫೀಲ್ಡ್’ ಅನ್ನಿ, ಅಥವಾ ‘ಐ ಲೈಕ್ ದಿಸ್ ಫೀಲ್ಡ್ ವೆರಿ ಮಚ್’ ಅನ್ನಿ. ‘ಐ ಲೈಕ್ ವೆರಿ ಮಚ್ ದಿಸ್ ಫೀಲ್ಡ್’ ಆಗದು. ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ‘ವೆರಿ ಮಚ್’ ತೂರಿಸಬೇಡಿ.

‘ಬೆಟರ್’, ‘ಫಾಸ್ಟರ್’, ‘ಮೋರ್ ಡಿಫಿಕಲ್ಟ್’ ಥರದ ಹೋಲಿಕೆ ರೂಪದ ಹಿಂದೆ ‘ಮಚ್’, ‘ಫಾರ್’, ‘ಎ ಲಾಟ್’ ಬರುತ್ತವೆ, ‘ವೆರಿ’ ಬರುವುದಿಲ್ಲ. ‘ಮಚ್ ಬೆಟರ್’ ಅಂತ ತಿದ್ದಿದರೂ ಆ ವಾಕ್ಯ ಅರ್ಜಿಯಲ್ಲಿ ಬೇಡ ಅನ್ನುತ್ತೇನೆ. ‘ಈಗ ಸುಧಾರಿಸಿದೆ’ ಅಂದಕೂಡಲೇ ಮೊದಲು ಹೇಗಿತ್ತು ಅಂತ ಓದುವವರು ಯೋಚಿಸುತ್ತಾರೆ. ಎಕ್ಸೆಲ್‌ನ ಪಿವಟ್ ಟೇಬಲ್, ವಿ-ಲುಕಪ್ ಥರದ ಸೌಲಭ್ಯ ಬಳಸಲು ಬರುತ್ತಿದ್ದರೆ ಅದನ್ನೇ ಬರೆಯಿರಿ.

ಉಳಿದದ್ದು ‘ಹೈಲಿ ಹ್ಯಾಪಿ’. ಪಟ್ಟಿಗಳ ತೊಂದರೆ ಇರುವುದೇ ಇಲ್ಲಿ. ‘ಹೈಲಿ’ ಅರ್ಥದಲ್ಲಿ ‘ವೆರಿ’ಗೆ ಹತ್ತಿರವೇ, ಆದರೆ ಎಲ್ಲದರ ಜೊತೆ ಸೇರುವುದಿಲ್ಲ. ‘ಹೈಲಿ ಸ್ಕಿಲ್ಡ್’, ‘ಹೈಲಿ ಕ್ವಾಲಿಫೈಡ್’, ‘ಹೈಲಿ ಸಕ್ಸೆಸ್‌ಫುಲ್’, ‘ಹೈಲಿ ಅನ್‌ಲೈಕ್ಲಿ’ ಸರಿ. ‘ಹೈಲಿ ಹ್ಯಾಪಿ’, ‘ಹೈಲಿ ಟಯರ್ಡ್’ ಯಾರೂ ಅನ್ನುವುದಿಲ್ಲ. ಮನಸ್ಸಿಗೆ ಆಳವಾಗಿ ತಟ್ಟುವ ಭಾವನೆಗೆ ‘ಡೀಪ್ಲಿ’ ಒಗ್ಗುತ್ತದೆ: ‘ಡೀಪ್ಲಿ ಗ್ರೇಟ್‌ಫುಲ್’, ‘ಡೀಪ್ಲಿ ಹರ್ಟ್’. ನಿಮ್ಮ ವಾಕ್ಯಕ್ಕೆ ‘ವೆರಿ ಹ್ಯಾಪಿ’ಯೇ ಸಾಕು. ಇಡೀ ಪತ್ರದಲ್ಲಿ ಒಂದು ‘ವೆರಿ’ ಇದ್ದರೆ ಯಾರೂ ಆಕ್ಷೇಪಿಸುವುದಿಲ್ಲ.

ಪ್ರಶ್ನೆ: ‘ವೆರಿ ಗುಡ್’ ಸರಿ, ‘ವೆರಿ ಎಕ್ಸಲೆಂಟ್’ ತಪ್ಪು ಅಂತಾರಲ್ಲ, ಯಾಕೆ ಮೇಡಂ?

ಉತ್ತರ: ‘ಎಕ್ಸಲೆಂಟ್’ ಒಳಗೆ ‘ವೆರಿ’ ಆಗಲೇ ಸೇರಿಕೊಂಡಿದೆ. ಇಂಗ್ಲಿಷಿನ ಎಷ್ಟೋ ಗುಣವಾಚಕಗಳು ಹೀಗೆ ಜೋಡಿಯಾಗಿವೆ. ‘ಟಯರ್ಡ್’ಗೆ ‘ಎಕ್ಸಾಸ್ಟೆಡ್’, ‘ಆಂಗ್ರಿ’ಗೆ ‘ಫ್ಯೂರಿಯಸ್’, ‘ಕೋಲ್ಡ್’ಗೆ ‘ಫ್ರೀಜಿಂಗ್’, ‘ಬಿಗ್’ಗೆ ‘ಹ್ಯೂಜ್’, ‘ಹಂಗ್ರಿ’ಗೆ ‘ಸ್ಟಾರ್ವಿಂಗ್’. ಮೊದಲನೆಯದರಲ್ಲಿ ಹೆಚ್ಚುಕಡಿಮೆ ಇರುತ್ತದೆ. ಅದಕ್ಕೆ ‘ವೆರಿ’, ‘ಎಕ್ಸ್‌ಟ್ರೀಮ್ಲಿ’, ‘ಫೇರ್ಲಿ’ ಹೊಂದುತ್ತವೆ. ಎರಡನೆಯದು ತುತ್ತತುದಿ, ಅಲ್ಲಿಗೆ ‘ಅಬ್ಸಲ್ಯೂಟ್ಲಿ’, ‘ಕಂಪ್ಲೀಟ್ಲಿ’, ‘ಅಟರ್ಲಿ’. ‘ಅಬ್ಸಲ್ಯೂಟ್ಲಿ ಫ್ರೀಜಿಂಗ್’ ಸರಿ, ‘ಅಬ್ಸಲ್ಯೂಟ್ಲಿ ಕೋಲ್ಡ್’ ಕಿವಿಗೆ ಒರಟು. ‘ಎಕ್ಸ್‌ಟ್ರೀಮ್ಲಿ ಫ್ಯೂರಿಯಸ್’ ಕೂಡ ಅಷ್ಟೇ. ಆಡುಮಾತಿನಲ್ಲಿ ‘ರಿಯಲಿ’ ಎರಡೂ ಕಡೆ ನಡೆಯುತ್ತದೆ. ಅನುಮಾನ ಬಂದಾಗ ಅದನ್ನೇ ಬಳಸಿ.

‘ಡೆಡ್’, ‘ಇಂಪಾಸಿಬಲ್’, ‘ಯೂನೀಕ್’ ಇವು ಇನ್ನೊಂದು ಗುಂಪು: ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ‘ಆಲ್ಮೋಸ್ಟ್ ಇಂಪಾಸಿಬಲ್’, ‘ಕಂಪ್ಲೀಟ್ಲಿ ಇಂಪಾಸಿಬಲ್’ ಎರಡೂ ಆಗುತ್ತವೆ, ‘ವೆರಿ ಇಂಪಾಸಿಬಲ್’ ಆಗುವುದಿಲ್ಲ. ‘ವೆರಿ ಯೂನೀಕ್’ ಅನ್ನುವವರು ಬೇಕಾದಷ್ಟು ಜನ ಇದ್ದಾರೆ, ನಿಜ. ಆದರೂ ಪರೀಕ್ಷೆಯಲ್ಲಿ ಬರೆಯಬೇಡಿ.

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕರು): ನಮ್ಮ ಮಕ್ಕಳು ‘ಶಿ ಈಸ್ ಟೂ ಬ್ಯೂಟಿಫುಲ್’, ‘ಹಿ ಈಸ್ ಸೋ ಗುಡ್ ಟೀಚರ್’ ಅಂತಲೇ ಬರೆಯುತ್ತಾರೆ. ನಿಯಮ ಹೇಳಿದರೂ ನಿಲ್ಲುವುದಿಲ್ಲ.

ಉತ್ತರ: ಸರ್, ‘ತುಂಬಾ’ ಅನ್ನುವ ಒಂದೇ ಮಾತಿನಲ್ಲಿ ನಾವು ‘ವೆರಿ’, ‘ಟೂ’, ‘ಎ ಲಾಟ್’ ಎಲ್ಲವನ್ನೂ ಹೇಳಿಬಿಡುತ್ತೇವೆ. ಮಕ್ಕಳು ಅದನ್ನೇ ಇಂಗ್ಲಿಷಿಗೂ ತರುತ್ತಾರೆ. ನಿಯಮ ಹೇಳುವ ಬದಲು ವಾಕ್ಯ ಪೂರ್ತಿ ಮಾಡಿಸಿ. ‘ದಿ ಕಾಫಿ ಈಸ್ ಟೂ ಹಾಟ್’ ಅಂತ ಬರೆದವರು ಮುಂದೆ ‘ಟು ಡ್ರಿಂಕ್’ ಸೇರಿಸಲಿ: ಕುಡಿಯೋಕೆ ಆಗದಷ್ಟು ಬಿಸಿ. ‘ಆಗದಷ್ಟು’ ಕೂತರೆ ‘ಟೂ’, ಕೂರದಿದ್ದರೆ ‘ವೆರಿ’. ‘ಏನು ಮಾಡೋಕೆ ಆಗದಷ್ಟು ಚಂದ?’ ಅಂತ ಕೇಳಿದರೆ ‘ಟೂ ಬ್ಯೂಟಿಫುಲ್’ ಬರೆದ ಹುಡುಗ ತಾನೇ ತಿದ್ದಿಕೊಳ್ಳುತ್ತಾನೆ. ನಮ್ಮಲ್ಲಿ ಹೊಗಳೋಕೆ ‘ಟೂ ಗುಡ್’ ಅನ್ನುವುದು ರೂಢಿ. ಸ್ನೇಹಿತರ ನಡುವೆ ಇರಲಿ, ಉತ್ತರಪತ್ರಿಕೆಯಲ್ಲಿ ಬೇಡ.

ಎರಡನೆಯದಕ್ಕೆ: ಗುಣವಾಚಕ ಒಂದೇ ಇದ್ದರೆ ‘ಸೋ’, ಅದರ ಬೆನ್ನಿಗೆ ನಾಮಪದ ಬಂದರೆ ‘ಸಚ್’. ‘ಹಿ ಈಸ್ ಸೋ ಗುಡ್’, ಆದರೆ ‘ಹಿ ಈಸ್ ಸಚ್ ಎ ಗುಡ್ ಟೀಚರ್’. ಆ ‘ಎ’ ಬಿಟ್ಟುಹೋಗದಂತೆ ನೋಡಿಕೊಳ್ಳಿ, ಅಂಕ ಹೋಗುವುದು ಹೆಚ್ಚಾಗಿ ಅಲ್ಲಿಯೇ.

ಪ್ರಶ್ನೆ (ಐಟಿ ಕಂಪನಿ ಉದ್ಯೋಗಿ): ಕ್ಲೈಂಟ್ ಒಬ್ಬರು ‘ಯುವರ್ ಡ್ರಾಫ್ಟ್ ಈಸ್ ಕ್ವೈಟ್ ಗುಡ್’ ಅಂತ ಮೇಲ್ ಹಾಕಿದ್ದಾರೆ. ಖುಷಿಪಡಬೇಕಾ?

ಉತ್ತರ: ಅವರು ಯಾವ ದೇಶದವರು ನೋಡಿ. ಅಮೆರಿಕದವರ ‘ಕ್ವೈಟ್ ಗುಡ್’ ಸಾಮಾನ್ಯವಾಗಿ ‘ವೆರಿ ಗುಡ್’ಗೆ ಹತ್ತಿರ. ಬ್ರಿಟಿಷರದ್ದಾದರೆ ‘ಪರವಾಗಿಲ್ಲ’ ಅನ್ನುವ ಮಟ್ಟ. ಮುಂದಿನ ಸಾಲಿನಲ್ಲಿ ‘ಬಟ್’ ಇದೆಯಾ ಅಂತ ಹುಡುಕಿ. ತುತ್ತತುದಿಯ ಪದಗಳ ಜೊತೆಯಲ್ಲಿ ಈ ಗೊಂದಲವಿಲ್ಲ: ‘ಕ್ವೈಟ್ ಇಂಪಾಸಿಬಲ್’ ಅಂದರೆ ಎಲ್ಲರಿಗೂ ಪೂರ್ತಿ ಅಸಾಧ್ಯವೇ.

ಅದೇ ಉದ್ಯೋಗಿ: ಇವತ್ತೇ ಉತ್ತರ ಕಳಿಸಬೇಕು. ‘ವಿ ಆರ್ ಎಕ್ಸ್‌ಟ್ರೀಮ್ಲಿ ಸಾರಿ ಫಾರ್ ದಿ ಡಿಲೇ. ವಿ ಟೋಟಲಿ ಅಂಡರ್‌ಸ್ಟ್ಯಾಂಡ್ ಯುವರ್ ಕನ್ಸರ್ನ್. ವಿ ವೆರಿ ಮಚ್ ಸಜೆಸ್ಟ್ ಎ ಕಾಲ್.’ ಆಗಬಹುದಾ?

ಉತ್ತರ: ಮೂರು ವಾಕ್ಯಕ್ಕೆ ಮೂರು ಒತ್ತು ಜಾಸ್ತಿ. ಎಲ್ಲಕ್ಕೂ ಒತ್ತು ಕೊಟ್ಟರೆ ಕ್ಷಮೆಯೂ ನಾಟಕದಂತೆ ಕಾಣುತ್ತದೆ. ಒಂದನ್ನು ಇಟ್ಟುಕೊಳ್ಳಿ: ‘ವಿ ಸಿನ್ಸಿಯರ್ಲಿ ಅಪಾಲಜೈಸ್ ಫಾರ್ ದಿ ಡಿಲೇ. ವಿ ಅಂಡರ್‌ಸ್ಟ್ಯಾಂಡ್ ಯುವರ್ ಕನ್ಸರ್ನ್. ಕುಡ್ ವಿ ಹ್ಯಾವ್ ಎ ಕಾಲ್ ಟುಡೇ?’

ಕಚೇರಿ ಬರಹದಲ್ಲಿ ಕ್ರಿಯಾಪದಗಳಿಗೂ ಅವುಗಳದ್ದೇ ಜೊತೆಗಾರ ಪದಗಳಿವೆ. ‘ಸ್ಟ್ರಾಂಗ್ಲಿ ರೆಕಮೆಂಡ್’, ‘ಫುಲ್ಲಿ ಅಗ್ರೀ’, ‘ಗ್ರೇಟ್ಲಿ ಅಪ್ರಿಶಿಯೇಟ್’, ‘ಡೀಪ್ಲಿ ರಿಗ್ರೆಟ್’. ಇವನ್ನು ಬಿಡಿಬಿಡಿಯಾಗಿ ಅಲ್ಲ, ಜೋಡಿಯಾಗಿಯೇ ನೆನಪಿಟ್ಟುಕೊಳ್ಳಿ. ‘ಟೋಟಲಿ’ ಗೆಳೆಯರ ಚಾಟ್‌ಗೆ ಇರಲಿ.

ಪ್ರಶ್ನೆ: ‘ರಿಯಲಿ’ ಎಲ್ಲಿ ಹಾಕಿದರೂ ನಡೆಯುತ್ತಾ ಮೇಡಂ?

ಉತ್ತರ: ‘ನಾಟ್’ ಇರುವ ವಾಕ್ಯದಲ್ಲಿ ನಡೆಯುವುದಿಲ್ಲ. ‘ಐ ರಿಯಲಿ ಡೋಂಟ್ ಲೈಕ್ ಇಟ್’ ಅಂದರೆ ಖಂಡಿತ ಹಿಡಿಸಲಿಲ್ಲ. ‘ಐ ಡೋಂಟ್ ರಿಯಲಿ ಲೈಕ್ ಇಟ್’ ಅಂದರೆ ಅಷ್ಟೇನೂ ಹಿಡಿಸಲಿಲ್ಲ. ಬಾಸ್ ತೋರಿಸಿದ ಡಿಸೈನ್ ಬಗ್ಗೆ ಹೇಳುವಾಗ ಎರಡನೆಯದನ್ನು ಬಳಸಿ.